ಕೊಟ್ಟಿಗೆಯ ಸೂಜಿಮದ್ದು, ಬೆಟ್ಟದ ರಣಹದ್ದು

ರಾಮನಗರದ ಬಳಿಯ ರಾಮದೇವರ ಬೆಟ್ಟವನ್ನು ರಣಹದ್ದುಗಳ ವನ್ಯಧಾಮವೆಂದು ಸರಕಾರ ಘೋಷಿಸಿದ್ದು 2012ರಲ್ಲಿ. ರಣಹದ್ದಿಗೆಂದೇ ಮೀಸಲಾದ ವನ್ಯಧಾಮ ದೇಶದಲ್ಲಿ ಅದೇ ಮೊದಲನೆಯದು. ಅದರ ವಿಸ್ತೀರ್ಣ 346.41 ಹೆಕ್ಟೇರು, ಚದರ ಕಿಲೋಮೀಟರಿನ ಲೆಕ್ಕದಲ್ಲಿ ಮೂರೂವರೆಗೂ ತುಸು ಕಡಿಮೆ. ಅಲ್ಲಿನ ಕಡಿದಾದ ಬಂಡೆಗಳ ಸಂದುಗಳಲ್ಲಿ ಗೂಡು ಕಟ್ಟುವ ಉದ್ದಕೊಕ್ಕಿನ ರಣಹದ್ದು ಆಹಾರವನ್ನರಸಿ ನೂರು ಕಿಲೋಮೀಟರಿನಷ್ಟು ದೂರಕ್ಕೂ ಹೋಗಬಲ್ಲದು. ಬೆಟ್ಟವನ್ನು ಕೇಂದ್ರವಾಗಿಟ್ಟುಕೊಂಡು ನೂರು ಕಿಲೋಮೀಟರು ತ್ರಿಜ್ಯದ ವೃತ್ತವೊಂದನ್ನು ಎಳೆದರೆ ಅದರ ವಿಸ್ತೀರ್ಣ 31 ಸಾವಿರ ಚದರ ಕಿಲೋಮೀಟರನ್ನು ಮೀರುತ್ತದೆ. ಕಾಗದದ ಮೇಲೆ ರಕ್ಷಿತವಾದ ನೆಲಕ್ಕಿಂತ ಹಕ್ಕಿ ಅನ್ನಕ್ಕಾಗಿ ಆಶ್ರಯಿಸುವ ನೆಲ ಸುಮಾರು ಒಂಬತ್ತು ಸಾವಿರ ಪಟ್ಟು ದೊಡ್ಡದು. ನಮ್ಮ ವಿದ್ಯಾರ್ಥಿ ಓದುಗರು ಈ ಲೆಕ್ಕವನ್ನು ತಾವೇ ಮಾಡಿ ನೋಡಬಹುದು.

ಆ ವೃತ್ತದೊಳಗೆ ಬೆಂಗಳೂರು ಮಹಾನಗರವಿದೆ. ತುಮಕೂರು, ಮಂಡ್ಯ, ಮೈಸೂರು, ಕೊಳ್ಳೇಗಾಲಗಳಿವೆ. ಗಡಿಯಾಚೆಗಿನ ಹೊಸೂರೂ ಇದೆ. ಇಂಥದೇ ಇನ್ನೊಂದು ವೃತ್ತವನ್ನು ಬಂಡೀಪುರ ಮತ್ತು ಮುದುಮಲೆ ಕಾಡುಗಳ ನಡುವೆ ಹರಿಯುವ ಮೋಯಾರ್ ನದಿಯ ಕಣಿವೆಯಿಂದ ಎಳೆದರೆ ಗುಂಡ್ಲುಪೇಟೆ, ಚಾಮರಾಜನಗರ, ಹೆಗ್ಗಡದೇವನಕೋಟೆ, ಕೊಡಗಿನ ಕುಟ್ಟ, ಕೇರಳದ ವಯನಾಡು, ತಮಿಳುನಾಡಿನ ನೀಲಗಿರಿ, ಸತ್ಯಮಂಗಲ ಎಲ್ಲವೂ ಒಳಗೆ ಬರುತ್ತವೆ. ದಕ್ಷಿಣ ಭಾರತದಲ್ಲಿ ಕಾಡಿನಲ್ಲಿ ಉಳಿದಿರುವ ಬಿಳಿಬೆನ್ನಿನ ರಣಹದ್ದುಗಳ ಮುಖ್ಯ ನೆಲೆ ಈ ಕಣಿವೆಯೇ. ಈ ಎರಡು ವೃತ್ತಗಳ ಒಳಗೆ ಎಷ್ಟು ಸಾವಿರ ಹಳ್ಳಿಗಳಿವೆ, ಎಷ್ಟು ಲಕ್ಷ ದನಕರುಗಳಿವೆ ಎಂಬುದನ್ನು ಓದುಗರೇ ಊಹಿಸಿಕೊಳ್ಳಲಿ. ರಣಹದ್ದಿನ ಆವಾಸವೆಂದರೆ ಬಂಡೆ ಮತ್ತು ಕಾಡು ಎಂದು ನಾವು ತಿಳಿದಿದ್ದೇವೆ. ಅದು ಅರ್ಧ ಸತ್ಯ. ಗೂಡು ಬಂಡೆಯ ಮೇಲಿದ್ದರೂ ಅನ್ನ ಇರುವುದು ನಮ್ಮ ಕೊಟ್ಟಿಗೆಯ ಹಿಂದೆ. ಆದುದರಿಂದ ಈ ಸಂಚಿಕೆಯ ಸಂಪಾದಕೀಯ ಬಂಡೆಗಿಂತ ಹೆಚ್ಚಾಗಿ ಕೊಟ್ಟಿಗೆಯನ್ನು ಕುರಿತದ್ದು.

ಮೊದಲು ಹಕ್ಕಿಯ ಪರಿಚಯ. ಭಾರತದಲ್ಲಿ ಒಂಬತ್ತು ಜಾತಿಯ ರಣಹದ್ದುಗಳು ಕಂಡುಬರುತ್ತವೆ. ಕರ್ನಾಟಕದಲ್ಲಿ ನೆಲೆನಿಂತಿರುವವು ಮುಖ್ಯವಾಗಿ ನಾಲ್ಕು: ಬಂಡೆಗಳಲ್ಲಿ ಗೂಡು ಮಾಡುವ ಉದ್ದಕೊಕ್ಕಿನದು, ಎತ್ತರದ ಮರಗಳಲ್ಲಿ ಗುಂಪಾಗಿ ಗೂಡು ಮಾಡುವ ಬಿಳಿಬೆನ್ನಿನದು, ಜೋಡಿಯಾಗಿ ಬೇರೆಯೇ ಬಾಳುವ ಕೆಂಪುತಲೆಯದು, ಮತ್ತು ಗಾತ್ರದಲ್ಲಿ ಚಿಕ್ಕದಾದ ಬಿಳಿ ರಣಹದ್ದು. ಇವೆಲ್ಲ ಗರುಡ, ಗಿಡುಗಗಳಂತೆ ಬೇಟೆಹಕ್ಕಿಗಳ ಬಳಗಕ್ಕೆ ಸೇರಿದವು. ಆದರೆ ಜೀವಂತ ಪ್ರಾಣಿಯನ್ನು ಹಿಡಿದು ಕೊಲ್ಲುವುದು ಇವುಗಳ ವೃತ್ತಿಯಲ್ಲ. ದೊಡ್ಡ ಜಾತಿಗಳ ರೆಕ್ಕೆಗಳ ಹರವು ಏಳಡಿಯ ಆಸುಪಾಸು. ಇಷ್ಟು ಭಾರದ ದೇಹವನ್ನು ರೆಕ್ಕೆ ಬಡಿದು ದಿನವಿಡೀ ಹೊತ್ತು ತಿರುಗುವುದು ಅಸಾಧ್ಯ. ಬಿಸಿಲಿಗೆ ಕಾದ ಬಂಡೆ ಮತ್ತು ಬಯಲಿನಿಂದ ಮೇಲೇಳುವ ಬಿಸಿಗಾಳಿಯನ್ನು ಏಣಿಯಾಗಿಸಿಕೊಂಡು ಅವು ಸುತ್ತುತ್ತ ಮೇಲೇರುತ್ತವೆ, ಆಮೇಲೆ ರೆಕ್ಕೆ ಅಲುಗಿಸದೆ ತೇಲುತ್ತವೆ. ಬೆಳಿಗ್ಗೆ ಹೊತ್ತೇರುವ ತನಕ ಅವು ಬಂಡೆ ಬಿಟ್ಟು ಏಳದಿರುವುದು ಸೋಮಾರಿತನದಿಂದಲ್ಲ.

ಮೇಲೆ ಹಾರುವ ಒಂದು ಹಕ್ಕಿ ಕೆಳಗಿಳಿದರೆ ದೂರದಲ್ಲಿ ತೇಲುತ್ತಿರುವ ಇನ್ನೊಂದು ಅದನ್ನು ಗಮನಿಸುತ್ತದೆ, ಅದರ ಹಿಂದಿನದು ಇದನ್ನು. ಹೀಗೆ ಆಕಾಶದಲ್ಲಿ ಬಲೆ ಹಾಸಿದಂತೆ ಸುದ್ದಿ ಹರಡಿ ಸತ್ತ ದನದ ಸುತ್ತ ಹತ್ತಾರು ಹಕ್ಕಿಗಳು ನೆರೆಯುತ್ತಿದ್ದವು. ದೊಡ್ಡ ಗುಂಪು ಒಂದು ಎತ್ತಿನ ಕಳೇಬರವನ್ನು ಗಂಟೆಯೊಳಗೆ ಮೂಳೆಗೂಡಾಗಿಸುತ್ತಿತ್ತು. ಜಠರದ ಪ್ರಬಲ ಆಮ್ಲದಿಂದಾಗಿ ಕೊಳೆತ ಮಾಂಸದ ರೋಗಾಣುಗಳು ಅವನ್ನು ಬಾಧಿಸುವುದಿಲ್ಲ. ನೊಣ ಮುತ್ತುವ ಮೊದಲೇ, ಹಳ್ಳದ ನೀರಿಗೆ ಕೊಳೆತ ಇಳಿಯುವ ಮೊದಲೇ ಊರು ಶುಚಿಯಾಗುತ್ತಿತ್ತು. ಘಟ್ಟದ ಸೀಮೆಯ ಪ್ರತಿ ಊರಿಗೂ ಸತ್ತ ದನವನ್ನು ಎಳೆದು ಹಾಕುವ ಒಂದು ಜಾಗವಿತ್ತು. ಅದರ ಪಕ್ಕದಲ್ಲೊಂದು ಒಣಗಿದ ದೊಡ್ಡ ಮರ, ಅದರ ತುಂಬ ಬೆನ್ನು ಬಾಗಿಸಿ ಕೂತ ಹದ್ದುಗಳು. ಐವತ್ತು ದಾಟಿದ ಓದುಗರಿಗೆ ಈ ಚಿತ್ರವನ್ನು ವಿವರಿಸಬೇಕಾಗಿಲ್ಲ; ಇಪ್ಪತ್ತರ ಓದುಗರಿಗೆ ವಿವರಿಸಿದರೂ ನಂಬಿಕೆ ಬರಲಿಕ್ಕಿಲ್ಲ.

ಈ ಹಕ್ಕಿಯನ್ನು ನಮ್ಮ ಸಮಾಜ ಎಂದೂ ಪ್ರೀತಿಸಲಿಲ್ಲ. ರಾಮಾಯಣದ ಜಟಾಯುವಿಗೆ ಕೈಮುಗಿಯುವ ನಾವೇ ಮನೆಯ ಮೇಲೆ ಹದ್ದು ಕೂತರೆ ಅಪಶಕುನವೆಂದು ಶಾಂತಿ ಮಾಡಿಸಿದೆವು. ಯುದ್ಧಭೂಮಿಯ ಹೆಣಗಳ ನೆನಪನ್ನು ಅದರ ಹೆಸರಿಗೇ ಅಂಟಿಸಿದೆವು. ಊರನ್ನು ಶುಚಿಯಾಗಿಡುವವರನ್ನೇ ಅಶುಚಿಯೆಂದು ದೂರವಿಡುವ ನಮ್ಮ ಹಳೆಯ ಚಾಳಿ ಮನುಷ್ಯರ ವಿಷಯದಲ್ಲಿ ಹೇಗೋ ಹಕ್ಕಿಯ ವಿಷಯದಲ್ಲೂ ಹಾಗೇ. ಸತ್ತ ದನದ ಚರ್ಮ ಸುಲಿಯುವ ಕೆಲಸವನ್ನು ಯಾರ ಹೆಗಲಿಗೆ ಹೊರಿಸಿದ್ದೆವು, ಅವರನ್ನು ಊರಿನ ಯಾವ ಮೂಲೆಯಲ್ಲಿ ಇರಿಸಿದ್ದೆವು ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ. ಹೀಗಾಗಿ ಹದ್ದುಗಳು ಒಂದೊಂದಾಗಿ ಇಲ್ಲವಾದಾಗ ಅಳುವವರಿರಲಿಲ್ಲ. ಅಷ್ಟೇಕೆ, ಎಣಿಸುವವರೂ ಹೆಚ್ಚಿರಲಿಲ್ಲ.

ಎಣಿಸಿದವರು ಬೆಚ್ಚಿಬಿದ್ದರು. 1980ರ ದಶಕದಲ್ಲಿ ಬಿಳಿಬೆನ್ನಿನ ರಣಹದ್ದು ಪ್ರಪಂಚದ ದೊಡ್ಡ ಬೇಟೆಹಕ್ಕಿಗಳಲ್ಲಿ ಅತಿ ಹೆಚ್ಚು ಸಂಖ್ಯೆಯಲ್ಲಿರುವುದು ಎಂಬ ಮಾತಿತ್ತು. ರಾಜಸ್ಥಾನದ ಭರತಪುರದ ಪಕ್ಷಿಧಾಮದಲ್ಲಿ ಆಗ ಅದರ ಮುನ್ನೂರಕ್ಕೂ ಮಿಕ್ಕಿದ ಗೂಡುಗಳಿದ್ದವು. 1990ರ ದಶಕ ಮುಗಿಯುವ ವೇಳೆಗೆ ಅವು ಬೆರಳೆಣಿಕೆಗೆ ಇಳಿದವು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ವಿಜ್ಞಾನಿ ವಿಭು ಪ್ರಕಾಶ್ ಈ ಕುಸಿತವನ್ನು 1999ರಲ್ಲಿ ದಾಖಲಿಸಿದರು. ಆಮೇಲೆ ದೇಶದ ಉದ್ದಗಲಕ್ಕೆ ನಡೆದ ಸಮೀಕ್ಷೆಗಳು ಹೇಳಿದ್ದಿಷ್ಟು: 1992ರಿಂದ 2007ರವರೆಗಿನ ಹದಿನೈದು ವರ್ಷಗಳಲ್ಲಿ ಬಿಳಿಬೆನ್ನಿನ ರಣಹದ್ದುಗಳ ಸಂಖ್ಯೆ ಶೇಕಡಾ 99.9ರಷ್ಟು ಕುಸಿದಿತ್ತು. ಸಾವಿರ ಹಕ್ಕಿಗಳಿದ್ದಲ್ಲಿ ಒಂದು ಉಳಿದಿತ್ತು. ಉದ್ದಕೊಕ್ಕಿನದರ ಕುಸಿತವೂ ಶೇಕಡಾ 97ರ ಸಮೀಪ. ಪಕ್ಷಿಲೋಕದಲ್ಲಿ ಇಷ್ಟು ದೊಡ್ಡ ಸಂಖ್ಯೆಯ ಜೀವಿಯೊಂದು ಇಷ್ಟು ಅಲ್ಪಾವಧಿಯಲ್ಲಿ ಹೀಗೆ ನೆಲಕಚ್ಚಿದ ನಿದರ್ಶನ ಬಹಳ ಅಪರೂಪ.

ಕಾರಣ ತಿಳಿಯದೆ ಹಲವು ವರ್ಷ ಕಳೆದವು. ಸೋಂಕುರೋಗ ಎಂದರು, ಕೀಟನಾಶಕ ಎಂದರು, ಆಹಾರದ ಕೊರತೆ ಎಂದರು. ಒಗಟು ಬಿಡಿಸಿದ್ದು ನೆರೆಯ ಪಾಕಿಸ್ತಾನದಲ್ಲಿ. ಲಿಂಡ್ಸೆ ಓಕ್ಸ್ ಎಂಬ ಪಶುವೈದ್ಯ ವಿಜ್ಞಾನಿ ಮತ್ತು ಸಂಗಡಿಗರು ಪಂಜಾಬ್ ಪ್ರಾಂತದಲ್ಲಿ ಸತ್ತ ಹದ್ದುಗಳನ್ನು ಕೊಯ್ದು ನೋಡಿದಾಗ ಒಳಾಂಗಗಳ ಮೇಲೆಲ್ಲ ಸುಣ್ಣ ಬಳಿದಂತೆ ಬಿಳಿಯ ಲೇಪವಿತ್ತು. ಮೂತ್ರಪಿಂಡ ಕೆಟ್ಟು, ದೇಹದಿಂದ ಹೊರಹೋಗಬೇಕಾದ ಯೂರಿಕ್ ಆಮ್ಲ ಒಳಗೇ ಹರಳುಗಟ್ಟಿತ್ತು. ಆ ಹಕ್ಕಿಗಳ ಮೂತ್ರಪಿಂಡಗಳಲ್ಲಿ ಸಿಕ್ಕಿದ್ದು ಡೈಕ್ಲೋಫೆನಾಕ್. ಮನುಷ್ಯರ ಮಂಡಿನೋವಿಗೂ ದನಗಳ ಬಾವಿಗೂ ಕೊಡುವ ಸಾಮಾನ್ಯ ನೋವುನಿವಾರಕ. 2004ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು.

ವಿಷ ಸಾಗುವ ದಾರಿ ಸರಳವಾಗಿದೆ. ಕೆಚ್ಚಲು ಬಾವಾಗಿಯೋ, ಕಾಲು ಊದಿಕೊಂಡೋ, ಜ್ವರ ಬಂದೋ ದನ ಮಲಗುತ್ತದೆ. ನೋವು ತಗ್ಗಲೆಂದು ಸೂಜಿ ಹಾಕಿಸುತ್ತೇವೆ. ದನ ಬದುಕಿದರೆ ಕೆಲವು ದಿನಗಳಲ್ಲಿ ಮದ್ದು ದೇಹದಿಂದ ಹೊರಹೋಗುತ್ತದೆ, ಯಾರಿಗೂ ತೊಂದರೆಯಿಲ್ಲ. ಸೂಜಿ ಹಾಕಿದ ಎರಡು ಮೂರು ದಿನಗಳೊಳಗೆ ಅದು ಸತ್ತರೆ ಮದ್ದು ಅದರ ಮಾಂಸದಲ್ಲೇ, ವಿಶೇಷವಾಗಿ ಯಕೃತ್ತು ಮತ್ತು ಮೂತ್ರಪಿಂಡಗಳಲ್ಲಿ ಉಳಿಯುತ್ತದೆ. ಅಂಥ ಒಂದು ಕಳೇಬರದ ಮೇಲೆ ಎರಗಿದ ಇಡೀ ಗುಂಪು ಕೆಲವೇ ದಿನಗಳಲ್ಲಿ ಸಾಯುತ್ತದೆ. ಎಲ್ಲ ಕಳೇಬರಗಳೂ ವಿಷವಾಗಬೇಕಾಗಿಲ್ಲ. ನೂರಕ್ಕೆ ಒಂದಕ್ಕಿಂತ ಕಡಿಮೆ ಕಳೇಬರಗಳಲ್ಲಿ ಈ ಮದ್ದಿದ್ದರೂ ಕಂಡ ಕುಸಿತಕ್ಕೆ ಸಾಕೆಂದು ವಿಜ್ಞಾನಿಗಳ ಲೆಕ್ಕಾಚಾರ ತೋರಿಸಿತು. ವಾಸ್ತವದಲ್ಲಿ 2004-05ರ ಸುಮಾರಿಗೆ ದೇಶದಲ್ಲಿ ಪರೀಕ್ಷಿಸಿದ ಜಾನುವಾರು ಕಳೇಬರಗಳಲ್ಲಿ ನೂರಕ್ಕೆ ಹತ್ತರಲ್ಲಿ ಅದು ಸಿಕ್ಕಿತು. ರಣಹದ್ದು ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಮರಿ ಬೆಳೆದು ತಾನು ಗೂಡು ಕಟ್ಟಲು ಸುಮಾರು ಐದು ವರ್ಷ ಬೇಕು. ಒಂದು ಮಧ್ಯಾಹ್ನದ ಊಟದಲ್ಲಿ ಹೋದದ್ದನ್ನು ತುಂಬಿಕೊಳ್ಳಲು ಅವಕ್ಕೆ ದಶಕಗಳು ಸಾಲವು.

ಸರಕಾರ ಸುಮ್ಮನೆ ಕೂತಿತೆಂದು ಹೇಳಲಾಗದು. ಪಶುಗಳಿಗೆ ಡೈಕ್ಲೋಫೆನಾಕ್ ತಯಾರಿಸುವುದನ್ನು 2006ರಲ್ಲಿ ನಿಲ್ಲಿಸಲಾಯಿತು. ಅದೇ ವರ್ಷ ಮೆಲೊಕ್ಸಿಕಾಮ್ ಎಂಬ ಇನ್ನೊಂದು ನೋವುನಿವಾರಕ ರಣಹದ್ದುಗಳಿಗೆ ಅಪಾಯಕಾರಿಯಲ್ಲ ಎಂಬುದೂ ಖಚಿತವಾಯಿತು. ಆದರೆ ವ್ಯಾಪಾರದ ಬುದ್ಧಿ ಕಾನೂನಿಗಿಂತ ಚುರುಕು. ಮನುಷ್ಯರ ಬಳಕೆಗೆಂದು ಹೆಸರಿಸಿದ ಡೈಕ್ಲೋಫೆನಾಕ್ 30 ಮಿಲಿಲೀಟರಿನ ದೊಡ್ಡ ಸೀಸೆಗಳಲ್ಲಿ ಅಂಗಡಿಗೆ ಬಂತು. ಮನುಷ್ಯನೊಬ್ಬನಿಗೆ ಒಂದು ಸಲಕ್ಕೆ ಬೇಕಾದದ್ದು 3 ಮಿಲಿಲೀಟರು. ಅಷ್ಟು ದೊಡ್ಡ ಸೀಸೆ ಯಾವ ರೋಗಿಗಾಗಿ ಎಂಬುದು ಮಾರುವವರಿಗೂ ಕೊಳ್ಳುವವರಿಗೂ ಗೊತ್ತಿತ್ತು. 2015ರಲ್ಲಿ ಅಂಥ ಸೀಸೆಗಳನ್ನು ನಿಷೇಧಿಸಿ 3 ಮಿಲಿಲೀಟರಿಗೆ ಮಿತಿಗೊಳಿಸಬೇಕಾಯಿತು. ತಯಾರಕರು ಮದ್ರಾಸ್ ಹೈಕೋರ್ಟಿಗೆ ಹೋದರು. 2017ರಲ್ಲಿ ನ್ಯಾಯಾಲಯ ನಿಷೇಧವನ್ನು ಎತ್ತಿಹಿಡಿಯಿತು.

ಒಂದು ಬಾಗಿಲು ಮುಚ್ಚಿದರೆ ಇನ್ನೊಂದು ತೆರೆದಿತ್ತು. ಅಸೆಕ್ಲೋಫೆನಾಕ್ ಎಂಬ ಮದ್ದು ಬಂತು. ಹೆಸರಷ್ಟೇ ಬೇರೆ, ದನದ ಮೈಯೊಳಗೆ ಸೇರಿದ ಮೇಲೆ ಅದು ಡೈಕ್ಲೋಫೆನಾಕ್ ಆಗಿಯೇ ಬದಲಾಗುತ್ತದೆ. ಕೀಟೊಪ್ರೊಫೆನ್ ಬಂತು, ಅದೂ ಹದ್ದುಗಳ ಪಾಲಿಗೆ ವಿಷವೆಂದು ಪ್ರಯೋಗಗಳಿಂದ ಸಿದ್ಧವಾಗಿತ್ತು. ಇವೆರಡನ್ನೂ ಪಶುಗಳಿಗೆ ಬಳಸದಂತೆ ಕೇಂದ್ರ ಸರಕಾರ ನಿಷೇಧಿಸಿದ್ದು 2023ರಲ್ಲಿ. ನಿಮೆಸುಲೈಡ್ ಸರದಿ ಬಂದದ್ದು 2024ರ ಡಿಸೆಂಬರ್ ಕೊನೆಯಲ್ಲಿ. ಮೊದಲ ನಿಷೇಧದಿಂದ ಇಲ್ಲಿಯವರೆಗೆ ಹದಿನೆಂಟು ವರ್ಷ! ಪ್ರತಿಯೊಂದು ಮದ್ದನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಿ, ಹಕ್ಕಿಗಳು ಸತ್ತದ್ದನ್ನು ಸಾಬೀತುಪಡಿಸಿ, ಆಮೇಲೆ ನಿಷೇಧಿಸುವ ಈ ಪದ್ಧತಿ ತಲೆಕೆಳಗಾದುದು ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ಪಶುಗಳ ನೋವಿಗೆ ಹೊಸ ಮದ್ದು ತರುವವರೇ ಅದು ರಣಹದ್ದಿಗೆ ನಿರಪಾಯವೆಂದು ಮೊದಲು ತೋರಿಸಬೇಕು. ಆ ನಿಯಮ ಬರುವ ತನಕ ನಮ್ಮ ಹಳ್ಳಿಯ ಪಶುವೈದ್ಯರ ಚೀಲದಲ್ಲಿ ಏನಿದೆ ಎಂಬುದೇ ನಿರ್ಣಾಯಕ.

ಇಲ್ಲಿ ಮಲೆನಾಡಿನ ಬದಲಾವಣೆಯೊಂದನ್ನು ಗಮನಿಸಬೇಕು. ಬೆಟ್ಟದಲ್ಲಿ ಮೇದು ಸಂಜೆ ತಾನೇ ಮನೆಗೆ ಬರುವ ಮಲೆನಾಡು ಗಿಡ್ಡ ತಳಿಗೆ ಸೂಜಿ ಬೇಕಾಗುತ್ತಿದ್ದುದು ಅಪರೂಪ. ಕೊಟ್ಟಿಗೆಯಲ್ಲೇ ಕಟ್ಟಿ ಹಿಂಡಿ ಹಾಕಿ ಸಾಕುವ ಮಿಶ್ರತಳಿಯ ಹಸುವಿನ ಕತೆ ಬೇರೆ. ಹೆಚ್ಚು ಹಾಲು, ಅದರ ಬೆನ್ನಿಗೆ ಹೆಚ್ಚು ಕೆಚ್ಚಲು ಬಾವು, ಹೆಚ್ಚು ಔಷಧ. ಚರ್ಮಗಂಟು ರೋಗ 2022ರಲ್ಲಿ ರಾಜ್ಯದ ಹಟ್ಟಿಹಟ್ಟಿಗೂ ನುಗ್ಗಿದಾಗ ಎಷ್ಟು ಮನೆಗಳಲ್ಲಿ ಜ್ವರಕ್ಕೆಂದು ಸೂಜಿ ಹಾಕಿಸಿದರು, ಯಾವ ಮದ್ದು ಎಂದು ಕೇಳಿದವರೆಷ್ಟು ಮಂದಿ? ಹಾಲಿನ ಡೇರಿಯ ಲೆಕ್ಕಪುಸ್ತಕದಲ್ಲಿ ಲೀಟರು ಮತ್ತು ಜಿಡ್ಡಿನ ಅಂಶ ದಾಖಲಾಗುತ್ತವೆ. ಕರೆಯುವ ಹಸುವಿಗೆ ಚುಚ್ಚಿದ ಮದ್ದಿನ ಹೆಸರು ಎಲ್ಲಿಯೂ ದಾಖಲಾಗುವುದಿಲ್ಲ.

ಹದ್ದು ಹೋದರೆ ಹೋಗಲಿ, ಗುಂಡಿ ತೋಡಿ ಹೂಳಿದರಾಯಿತು ಎನ್ನುವವರಿದ್ದಾರೆ. ಜೆಸಿಬಿ ಸಿಗುವ ಊರಿನಲ್ಲಿ ಸರಿ. ಸಿಗದ ಊರುಗಳಲ್ಲಿ ಕಳೇಬರ ಹಳ್ಳದ ಬದಿಗೆ ಬೀಳುತ್ತದೆ, ನಾಯಿಗಳ ಪಾಲಾಗುತ್ತದೆ. ರಣಹದ್ದು ಬಿಟ್ಟ ಜಾಗವನ್ನು ತುಂಬಿದ್ದು ನಾಯಿಯೇ. ನಾಯಿ ಹೆಚ್ಚಿದಲ್ಲಿ ರೇಬೀಸ್ ಹೆಚ್ಚುತ್ತದೆ. ಕಾಡಂಚಿನಲ್ಲಿ ಜಿಂಕೆ, ಮೊಲಗಳಿಗೂ ಉಳಿಗಾಲವಿಲ್ಲ. ನಾಯಿಯ ಆಸೆಗೆ ಚಿರತೆ ಊರೊಳಗೆ ಬರುತ್ತದೆ. ಅರ್ಥಶಾಸ್ತ್ರಜ್ಞರಾದ ಇಯಾಲ್ ಫ್ರಾಂಕ್ ಮತ್ತು ಅನಂತ್ ಸುದರ್ಶನ್ 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಿಂದೆ ರಣಹದ್ದುಗಳಿದ್ದು ಆಮೇಲೆ ಇಲ್ಲವಾದ ಜಿಲ್ಲೆಗಳನ್ನೂ ಮೊದಲಿನಿಂದಲೂ ಅವು ವಿರಳವಾಗಿದ್ದ ಜಿಲ್ಲೆಗಳನ್ನೂ ಹೋಲಿಸಿ ನೋಡಿದರು. 2000ದಿಂದ 2005ರವರೆಗಿನ ಅವಧಿಯಲ್ಲಿ ಈ ಹಕ್ಕಿಗಳ ಅಭಾವದಿಂದ ದೇಶದಲ್ಲಿ ಸುಮಾರು ಐದು ಲಕ್ಷ ಹೆಚ್ಚುವರಿ ಮನುಷ್ಯರ ಸಾವುಗಳಾಗಿವೆ ಎಂಬುದು ಅವರ ಅಂದಾಜು. ಅಂದಾಜಿನಲ್ಲಿ ಏರುಪೇರಿರಬಹುದು. ಆದರೆ ಯಾರೂ ಸಂಬಳ ಕೊಡದಿದ್ದ ಆ ಜಾಡಮಾಲಿಗಳು ಮಾಡುತ್ತಿದ್ದ ಕೆಲಸದ ಬೆಲೆ ಎಷ್ಟೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಇನ್ನೊಂದು ವಿಷ ನಾವೇ ಕೈಯಾರೆ ಇಡುವಂಥದು. 2025ರ ಜೂನ್ ತಿಂಗಳಲ್ಲಿ ಮಲೆ ಮಹದೇಶ್ವರ ಬೆಟ್ಟದ ಕಾಡಿನಲ್ಲಿ ಒಂದು ತಾಯಿಹುಲಿ ಮತ್ತು ಅದರ ನಾಲ್ಕು ಮರಿಗಳು ಸತ್ತುಬಿದ್ದವು. ಹುಲಿ ಕೊಂದ ಹಸುವಿನ ಕಳೇಬರಕ್ಕೆ ವಿಷ ಬೆರೆಸಿದ್ದೇ ಕಾರಣವೆಂದು ತನಿಖೆಯಲ್ಲಿ ತಿಳಿದುಬಂತು. ಹುಲಿಗಳಾದುದರಿಂದ ಅದು ದೇಶದ ಸುದ್ದಿಯಾಯಿತು. ಅದೇ ಕಳೇಬರದ ಮೇಲೆ ಇಪ್ಪತ್ತು ರಣಹದ್ದುಗಳು ಇಳಿದಿದ್ದರೆ? ಆ ಬೆಟ್ಟ ರಾಮದೇವರ ಬೆಟ್ಟದಿಂದ ನಾವು ಎಳೆದ ವೃತ್ತದ ಒಳಗೇ ಇದೆ. ವಿಷವಿಟ್ಟವರನ್ನು ಶಿಕ್ಷಿಸುವುದು ಕಾನೂನಿನ ಕೆಲಸ, ಅದು ನಡೆಯಲಿ. ಆದರೆ ಹಸು ಕಳೆದುಕೊಂಡವನ ಸಂಕಟವನ್ನು ಅರಿಯದೆ ಬರೆದ ಪರಿಸರದ ಮಾತಿಗೆ ಬೆಟ್ಟದಲ್ಲಿ ಬೆಲೆಯಿಲ್ಲ. ಹಾಲು ಮಾರಿ ಬದುಕುವ ಮನೆಯ ಹಸುವನ್ನು ಹುಲಿಯೋ ಚಿರತೆಯೋ ಹಿಡಿದರೆ ಪರಿಹಾರಕ್ಕಾಗಿ ಅರ್ಜಿ, ಫೋಟೊ, ಪಂಚನಾಮೆ, ಬ್ಯಾಂಕ್ ಪುಸ್ತಕವೆಂದು ತಿಂಗಳುಗಟ್ಟಲೆ ಅಲೆಯಬೇಕಾಗುತ್ತದೆ. ವಾರದೊಳಗೆ ಪರಿಹಾರ ಕೈಸೇರಿದರೆ ವಿಷದ ಪೊಟ್ಟಣಕ್ಕೆ ಕೈಚಾಚುವವರು ಕಡಿಮೆಯಾಗುತ್ತಾರೆ. ಹುಲಿ ಯೋಜನೆಗೆ ಹಣವಿರುವ ಸರಕಾರಕ್ಕೆ ಇದು ಅಸಾಧ್ಯವಾದ ಬೇಡಿಕೆಯಲ್ಲ.

ಗೂಡಿನ ನೆಲೆಗಳ ವಿಷಯವನ್ನೂ ಮರೆಯುವಂತಿಲ್ಲ. ಉದ್ದಕೊಕ್ಕಿನದಕ್ಕೆ ಕಡಿದಾದ ಬಂಡೆಯ ಅಂಚು ಬೇಕು, ಚಳಿಗಾಲದಲ್ಲಿ ಮೊಟ್ಟೆಯಿಟ್ಟು ಮರಿ ಹಾರುವ ತನಕ ಅಲ್ಲಿ ಸದ್ದುಗದ್ದಲ ಇರಬಾರದು. ಸುತ್ತಲಿನ ಕಲ್ಲುಕ್ವಾರಿಯ ಸಿಡಿಮದ್ದು, ಬಂಡೆ ಹತ್ತುವ ಹವ್ಯಾಸಿಗಳ ಹಗ್ಗ, ‘ಶೋಲೆ’ ಚಿತ್ರ ತೆಗೆದ ಜಾಗವೆಂದು ನೋಡಲು ಬರುವವರ ಕೂಗು ಇವೆಲ್ಲವೂ ರಾಮನಗರದ ಬೆಟ್ಟಗಳನ್ನು ಕಾಡಿವೆ. ಬಿಳಿಬೆನ್ನಿನದಕ್ಕೆ ಹೊಳೆಯಂಚಿನ ಎತ್ತರದ ಮರ ಬೇಕು. ಮೋಯಾರ್ ಕಣಿವೆಯಲ್ಲಿ ಅವು ಗೂಡು ಕಟ್ಟುವುದು ಬಹುಮಟ್ಟಿಗೆ ಹೊಳೆಮತ್ತಿಯ ಮರಗಳ ಮೇಲೆ. ಮರಳಿಗೆಂದೋ ತೋಟಕ್ಕೆಂದೋ ಹೊಳೆದಂಡೆಯ ಹಳೆಯ ಮರಗಳನ್ನು ಉರುಳಿಸಿದ ಊರಿಗೆ ನಾಳೆ ಹದ್ದು ಮರಳಿದರೂ ಕೂರಲು ಜಾಗವಿಲ್ಲ.

ಮರಳುವ ಮಾತನ್ನು ಆಡುವುದು ಅವಿವೇಕವೇನಲ್ಲ. 2023ರ ಡಿಸೆಂಬರ್ ಕೊನೆಯಲ್ಲಿ ಕರ್ನಾಟಕ, ತಮಿಳುನಾಡು, ಕೇರಳದ ಅರಣ್ಯ ಇಲಾಖೆಗಳು ಒಂದೇ ವೇಳೆಯಲ್ಲಿ ನಡೆಸಿದ ಎಣಿಕೆಯಲ್ಲಿ ಸುಮಾರು 320 ರಣಹದ್ದುಗಳು ಲೆಕ್ಕಕ್ಕೆ ಸಿಕ್ಕವು. ಮೂರು ರಾಜ್ಯಗಳ ಕಾಡುಗಳಿಗೆ ಇದು ಬಹಳ ಸಣ್ಣ ಸಂಖ್ಯೆ. ಒಂದು ಕಾಲದಲ್ಲಿ ಒಂದೇ ತಾಲ್ಲೂಕಿನಲ್ಲಿ ಇದಕ್ಕಿಂತ ಹೆಚ್ಚು ಹಕ್ಕಿಗಳು ಇದ್ದಿರಬೇಕು. ಆದರೂ ಬೀಜ ಉಳಿದಿದೆ. ಈ ಹಕ್ಕಿಗಳು ಉಳಿದಿರುವ ಜಾಗಗಳನ್ನು ಗಮನಿಸಿ: ಬಂಡೀಪುರ, ನಾಗರಹೊಳೆ, ಬಿಳಿಗಿರಿರಂಗನ ಬೆಟ್ಟ, ಮುದುಮಲೆ, ವಯನಾಡು. ಹುಲಿ ಕೊಂದ ಕಡವೆ, ಕಾಟಿ, ಜಿಂಕೆಗಳ ಮೈಯಲ್ಲಿ ಯಾವ ಸೂಜಿಮದ್ದೂ ಇಲ್ಲ. ಹುಲಿಯ ಎಂಜಲು ನಮ್ಮ ಹಸುವಿಗಿಂತ ಸುರಕ್ಷಿತವಾದ ಊಟವಾದದ್ದರಿಂದಲೇ ಅವು ಅಲ್ಲಿ ಬದುಕಿವೆ. ಕಾಡಿನೊಳಗೆ ಸಹಜವಾಗಿ ಸತ್ತ ಪ್ರಾಣಿಯನ್ನು ಹೂಳುವ ಅಥವಾ ಸುಡುವ ಅಭ್ಯಾಸ ಎಲ್ಲೆಲ್ಲಿದೆಯೋ ಅಲ್ಲಿ ಇಲಾಖೆ ಅದನ್ನು ಮರುಪರಿಶೀಲಿಸಲಿ. ಸಾಂಕ್ರಾಮಿಕ ರೋಗದ ಶಂಕೆ ಇಲ್ಲದಿದ್ದರೆ ಕಾಡಿನ ಹೆಣ ಕಾಡಿಗೇ ಸೇರಬೇಕು.

ಹಳ್ಳಿಗರೇ ಮುಂದೆ ನಿಂತು ಈ ಹಕ್ಕಿಯನ್ನು ಉಳಿಸಿಕೊಂಡ ಉದಾಹರಣೆ ನೇಪಾಳದಲ್ಲಿದೆ. ಅಲ್ಲಿನ ನವಲಪರಾಸಿ ಸೀಮೆಯ ಪಿಠೌಲಿಯಲ್ಲಿ 2006ರಲ್ಲಿ ಸ್ಥಳೀಯರು ‘ಜಟಾಯು ರೆಸ್ಟೋರೆಂಟ್’ ಎಂಬ ತಾಣವನ್ನು ಕಟ್ಟಿದರು. ಉಳುಮೆಗೆ ಬಾರದ ಮುದಿ ದನಗಳನ್ನು ರೈತರಿಂದ ಪಡೆದು, ವಿಷಮದ್ದು ಸೋಕಿಸದೆ ಸಾಕಿ, ಅವು ತಾವಾಗಿ ಸತ್ತ ಮೇಲೆ ಹದ್ದುಗಳಿಗೆ ಒಪ್ಪಿಸುವ ಏರ್ಪಾಡದು. ಕೊಲ್ಲುವ ಪ್ರಶ್ನೆಯಿಲ್ಲ, ಮುದಿ ದನವನ್ನು ಬೀದಿಗೆ ಬಿಡುವ ಪ್ರಶ್ನೆಯೂ ಇಲ್ಲ. ಹದ್ದು ನೋಡಲು ಬರುವವರಿಂದ ಊರಿಗೆ ನಾಲ್ಕು ಕಾಸು ಸಿಕ್ಕಿತು. ಸುತ್ತಲಿನ ಔಷಧ ಅಂಗಡಿಗಳಿಂದ ಡೈಕ್ಲೋಫೆನಾಕ್ ಹಿಂದೆ ಪಡೆದು ಮೆಲೊಕ್ಸಿಕಾಮ್ ಕೊಡುವ ಕೆಲಸವೂ ಜೊತೆಗೆ ನಡೆಯಿತು. ನೇಪಾಳದ ತಗ್ಗುನಾಡಿನಲ್ಲಿ ಬಿಳಿಬೆನ್ನಿನ ರಣಹದ್ದುಗಳ ಇಳಿಕೆ ನಿಂತು ಏರಿಕೆ ಆರಂಭವಾಗಿರುವುದನ್ನು ಆಮೇಲಿನ ಸಮೀಕ್ಷೆಗಳು ತೋರಿಸಿವೆ. ಮಹಾರಾಷ್ಟ್ರದ ಗಡಚಿರೋಲಿಯಲ್ಲಿಯೂ ಅರಣ್ಯ ಇಲಾಖೆ ಹಳ್ಳಿಗರ ನೆರವಿನಿಂದ ಇಂಥ ತಾಣಗಳನ್ನು ಮಾಡಿದೆ. ನಮ್ಮ ರಾಜ್ಯದ ಕಾಡಂಚಿನ ಗೋಮಾಳಗಳಲ್ಲಿ ಇದು ಆಗದೆಂದು ಯಾರು ಹೇಳಿದರು? ಗೋಮಾಳಗಳೇ ಒತ್ತುವರಿಯಾಗಿರುವುದು ಬೇರೆ ಮಾತು, ಅದಕ್ಕೆ ಇನ್ನೊಂದು ಸಂಪಾದಕೀಯ ಬೇಕು.

ಒಂದು ಎಚ್ಚರಿಕೆ ಅಗತ್ಯ. ಯಾವ ಕಳೇಬರವನ್ನೂ ಕಣ್ಣುಮುಚ್ಚಿ ಬಯಲಿಗೆ ಹಾಕಿರೆಂದು ನಾವು ಹೇಳುತ್ತಿಲ್ಲ. ದನ ಇದ್ದಕ್ಕಿದ್ದಂತೆ ಸತ್ತು, ಮೂಗು ಬಾಯಿಗಳಿಂದ ಹೆಪ್ಪುಗಟ್ಟದ ಕಪ್ಪುರಕ್ತ ಬರುತ್ತಿದ್ದರೆ ಅದು ನೆರಡಿ ರೋಗ, ಅಂದರೆ ಆಂಥ್ರಾಕ್ಸ್ ಇರಬಹುದು. ಅಂಥ ದನವನ್ನು ಕೊಯ್ಯಬಾರದು, ಚರ್ಮ ಸುಲಿಯಬಾರದು, ಮುಟ್ಟಲೂಬಾರದು. ಪಶುವೈದ್ಯರಿಗೆ ತಿಳಿಸಿ ಅವರು ಹೇಳಿದಂತೆ ಸುಡಬೇಕು ಇಲ್ಲವೇ ಸುಣ್ಣ ಹಾಕಿ ಆಳವಾಗಿ ಹೂಳಬೇಕು. ಸಾಯುವ ಮೊದಲಿನ ದಿನಗಳಲ್ಲಿ ಸೂಜಿ ಹಾಕಿಸಿದ, ಮದ್ದಿನ ಹೆಸರು ತಿಳಿಯದ ದನವನ್ನೂ ಹೂಳುವುದೇ ಸರಿ.

ಇನ್ನು ನಮ್ಮಿಂದ ಆಗುವ ಕೆಲಸ. ಹಸುವಿಗೆ ನೋವುನಿವಾರಕ ಬೇಕಾದಾಗ ಮೆಲೊಕ್ಸಿಕಾಮ್ ಕೊಡಿರೆಂದು ಪಶುವೈದ್ಯರನ್ನು ಹೆಸರು ಹೇಳಿ ಕೇಳೋಣ. ಅದು ಇಂದು ದುಬಾರಿಯಲ್ಲ, ಪಶು ಆಸ್ಪತ್ರೆಗಳಿಗೆ ಅಪರಿಚಿತವೂ ಅಲ್ಲ. 2022ರಲ್ಲಿ ಟೋಲ್ಫೆನಾಮಿಕ್ ಆಮ್ಲ ಎಂಬ ಇನ್ನೊಂದು ಮದ್ದೂ ನಿರಪಾಯವೆಂದು ತಿಳಿದುಬಂದಿದೆ. ಯಾವುದು, ಎಷ್ಟು ಎಂಬುದನ್ನು ವೈದ್ಯರೇ ನಿರ್ಧರಿಸಲಿ. ಅಂಗಡಿಯಿಂದ ಸೀಸೆ ತಂದು ನಾವೇ ಚುಚ್ಚುವ ರೂಢಿಯನ್ನು ಬಿಡೋಣ. ಹಾಲು ಉತ್ಪಾದಕರ ಸಂಘಗಳ ಮುಂದಿನ ಸಭೆಯಲ್ಲಿ ಸದಸ್ಯರು ಒಂದೇ ಪ್ರಶ್ನೆ ಕೇಳಲಿ: ನಮ್ಮ ಸಂಘದ ಪಶುವೈದ್ಯ ಸೇವೆಯಲ್ಲಿ ನಿಷೇಧಿತವಾದ ನಾಲ್ಕು ಮದ್ದುಗಳಲ್ಲಿ ಯಾವುದಾದರೂ ಇನ್ನೂ ಬಳಕೆಯಲ್ಲಿದೆಯೇ? ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಲಿ.

ವಿದ್ಯಾರ್ಥಿ ಮಿತ್ರರಿಗೆ ಬೇರೆಯೇ ಕೆಲಸವಿದೆ. ನಿಮ್ಮ ಊರಿನಲ್ಲಿ ದನ ಎಳೆದು ಹಾಕುತ್ತಿದ್ದ ಜಾಗ ಯಾವುದು, ಹದ್ದುಗಳು ಕೂರುತ್ತಿದ್ದ ಮರ ಯಾವುದು, ಅದು ಇಂದು ಇದೆಯೇ, ಕೊನೆಯ ಹದ್ದನ್ನು ಕಂಡದ್ದು ಸುಮಾರು ಯಾವ ವರ್ಷ ಎಂಬುದನ್ನು ಹಿರಿಯರಿಂದ ಕೇಳಿ ಬರೆದುಕೊಳ್ಳಿ. ವರ್ಷ ನೆನಪಾಗದಿದ್ದರೆ ಮದುವೆ, ಬರಗಾಲ, ಚುನಾವಣೆಗಳ ಆಧಾರದಿಂದ ಲೆಕ್ಕ ಹಿಡಿಯಬಹುದು. ಚರ್ಮ ಸುಲಿಯುವ ಕಸುಬಿನಲ್ಲಿದ್ದ ಕುಟುಂಬಗಳ ಹಿರಿಯರನ್ನು ತಪ್ಪದೆ ಕೇಳಿ. ಈ ಹಕ್ಕಿಯನ್ನು ಅವರಷ್ಟು ಹತ್ತಿರದಿಂದ ಬಲ್ಲವರು ಬೇರೆ ಯಾರೂ ಇಲ್ಲ. 2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ದಾಖಲೆ ಪುಸ್ತಕವೊಂದನ್ನು ಇಡಬೇಕು. ನೀವು ಸಂಗ್ರಹಿಸಿದ್ದನ್ನು ಆ ಪುಸ್ತಕಕ್ಕೆ ಸೇರಿಸುವಂತೆ ಪಂಚಾಯಿತಿಗೆ ಬರೆದು ಕೊಡಿ, ಒಂದು ಪ್ರತಿಯನ್ನು ನಮಗೂ ಕಳುಹಿಸಿ. ಸೆಪ್ಟೆಂಬರಿನ ಮೊದಲ ಶನಿವಾರ ಅಂತಾರಾಷ್ಟ್ರೀಯ ರಣಹದ್ದು ಜಾಗೃತಿ ದಿನ. ಅಷ್ಟರೊಳಗೆ ಬಂದ ಮಾಹಿತಿಯನ್ನೆಲ್ಲ ಊರುವಾರು ಜೋಡಿಸಿ, ಮರಗಳ ಹೆಸರಿನೊಂದಿಗೆ ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತೇವೆ.